ಹತ್ತಿ ಸಾಲಿನ ಕೊನೆಯ ಗಿಡ

ಇದನ್ನು ಬರೆಯುವುದನ್ನು ನಾನು ಇಪ್ಪತ್ತು ವರ್ಷ ಮುಂದೂಡಿದೆ. ಮೊದಲು ನೌಕರಿ ಇದೆ ಎಂದು ಮುಂದೂಡಿದೆ. ನಿವೃತ್ತಿಯಾಗಲಿ ಎಂದು ಮುಂದೂಡಿದೆ. ನಿವೃತ್ತಿಯಾದ ಮೇಲೆ — ಆಗ ನೆಪವೂ ಇರಲಿಲ್ಲ, ಸುಮ್ಮನೆ ಮುಂದೂಡಿದೆ. ನಾನು ಎರಡು ಸಲ ಸುಳ್ಳು ಸಾಕ್ಷಿ ಹೇಳಿದ್ದೇನೆ. ಒಂದು ಸಲ ಪ್ರಿನ್ಸಿಪಾಲರ ಕೋಣೆಯಲ್ಲಿ, ಮೂವರು ದೊಡ್ಡವರ ಮುಂದೆ. ಇನ್ನೊಂದು ಸಲ ಕಾಲೇಜಿನ ಗೇಟಿನ ಹೊರಗೆ, ಹಳ್ಳಿಯಿಂದ ಬಂದ ಒಬ್ಬ ತಾಯಿಯ ಮುಂದೆ. ಮೊದಲನೆಯ ಸುಳ್ಳು ಕಾಗದದ ಮೇಲಿದೆ, ಅದರ ಕೆಳಗೆ ನನ್ನ ಸಹಿ ಇದೆ. ಎರಡನೆಯದು ಎಲ್ಲಿಯೂ ದಾಖಲಾಗಿಲ್ಲ. ನನ್ನ ಬೆನ್ನು ಬಿಡದೆ ಇರುವುದು ಆ ಎರಡನೆಯದು.

ನನ್ನ ಹೆಸರು ಮಹಬೂಬ್. ರಾಯಚೂರಿನ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್ ಆಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ, ಕನ್ನಡ ಮಾಧ್ಯಮದಲ್ಲಿ. ಬೆಳಿಗ್ಗೆ ಕಂಪ್ಯೂಟರ್ ಲ್ಯಾಬಿನ ಬೀಗ ತೆಗೆಯುವುದು, ಧೂಳು ಒರೆಸುವುದು, ಸಂಜೆ ಎಲ್ಲ ಸ್ವಿಚ್ಚು ಆರಿಸಿ ಬೀಗ ಹಾಕುವುದು — ಅದು ನನ್ನ ಕೆಲಸ. ಹನ್ನೊಂದು ವರ್ಷ ದಿನಗೂಲಿಯ ಮೇಲೆಯೇ ಇದ್ದೆ. ಖಾಯಂ ಆಗಿರಲಿಲ್ಲ.

ಹುಲಿಗೆಮ್ಮ ಮೇಡಂ ನಮ್ಮ ವಿಭಾಗಕ್ಕೆ ಉಪನ್ಯಾಸಕಿಯಾಗಿ ಬಂದಾಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ದೇವದುರ್ಗದ ಕಡೆಯ ಅರಕೇರಾದವರು. ತಂದೆ ಇರಲಿಲ್ಲ. ತಾಯಿ ಹತ್ತಿ ಬಿಡಿಸುವ ಕೂಲಿ ಮಾಡಿ ಓದಿಸಿದ್ದರು. ಮೇಡಂ ಪಾಠ ಮುಗಿಸಿದ ಮೇಲೆ ಮನೆಗೆ ಹೋಗದೆ ಲ್ಯಾಬಿನ ಮೂಲೆಯಲ್ಲಿ ಒಂದು ಹಸಿರು ಬೋರ್ಡಿನ ಮುಂದೆ ಕೂರುತ್ತಿದ್ದರು. ಆ ಬೋರ್ಡಿನ ಮೇಲೆ ಒಂದು ಚಿಪ್. ನಮಗೆ ಬೇಕಾದ ಸರ್ಕ್ಯೂಟನ್ನು ಬರೆದು ಅದರೊಳಗೆ ತುಂಬಬಹುದು. ಮೇಡಂ ಅದರೊಳಗೆ ಎಂಟು ಸಣ್ಣ ಪ್ರೊಸೆಸರ್‌ಗಳನ್ನು ಕೂರಿಸಿದ್ದರು. ಒಂದೊಂದಕ್ಕೆ ಒಂದೊಂದು ಕೆಂಪು ದೀಪ. ಪ್ರೊಸೆಸರ್ ಕೆಲಸ ಮಾಡುತ್ತಿದ್ದರೆ ದೀಪ ಉರಿಯುತ್ತದೆ, ಸುಮ್ಮನೆ ಕೂತರೆ ಆರುತ್ತದೆ.

ಅವರು ಒಂದು ಸಂಜೆ ನನ್ನನ್ನು ಕರೆದರು.

"ಮಹಬೂಬಣ್ಣ, ಈ ದೀಪ ನೋಡ್ರಿ. ಎಂಟು ಮಂದಿಗೂ ಸಮ ಕೆಲಸ ಹಂಚೀನಿ. ಈಗ ಏನಾಗ್ತದ ಹೇಳ್ರಿ."

ಎಂಟೂ ಉರಿದವು. ಸ್ವಲ್ಪ ಹೊತ್ತಿಗೆ ಒಂದು ಆರಿತು, ಆಮೇಲೆ ಎರಡು, ಆಮೇಲೆ ಮತ್ತೊಂದು. ಕೊನೆಗೆ ಒಂದೇ ದೀಪ ಬಹಳ ಹೊತ್ತು ಉರಿಯಿತು.

"ಏಳು ಮಂದಿ ಖಾಲಿ ಕುಂತಾರ್ರಿ," ಎಂದೆ. "ಒಬ್ಬನ ದುಡೀಲಿಕತ್ತಾನ."

"ಹಾಂ. ದೊಡ್ಡ ದೊಡ್ಡ ಮಂದಿಗೂ ಇದ ತ್ರಾಸು. ಕೆಲಸ ಸಮ ಹಂಚಿದ್ರೂ ಸಮ ಇರಂಗಿಲ್ಲ, ಕೆಲವು ಹೆಚ್ಚು ಹೊತ್ತು ಹಿಡೀತಾವ."

ಅವರ ಹತ್ತಿರ ದಪ್ಪ ರಟ್ಟಿನ ಒಂದು ನೋಟ್‌ಬುಕ್ ಇತ್ತು. ಹೊಸದನ್ನು ಕಂಡುಹಿಡಿಯುವವರು ಆಯಾ ದಿನದ್ದನ್ನು ಆಯಾ ದಿನವೇ ಬರೆದು, ತಾರೀಕು ಹಾಕಿ, ಇನ್ನೊಬ್ಬರಿಂದ ಸಾಕ್ಷಿ ಸಹಿ ಹಾಕಿಸಬೇಕಂತೆ. ಸುಮ್ಮನೆ ಸಹಿಯಲ್ಲ. ಓದಿ ತಿಳಿದುಕೊಂಡಿದ್ದೇನೆ ಎಂದು ಸಹಿ. ಮೇಡಂ ಮೊದಲು ಜೊತೆಯ ಉಪನ್ಯಾಸಕರನ್ನು ಕೇಳಿದ್ದರು. ಅವರು ನಾಳೆ, ನಾಡಿದ್ದು ಎಂದರು. ಒಬ್ಬರು, "ನಿಮ್ಮದೇನು ಅಮೆರಿಕಾ ಕಂಪನಿಯೇನ್ರಿ ಮೇಡಂ," ಎಂದು ನಕ್ಕರು. ಕೊನೆಗೆ ಬೀಗ ಹಾಕಲು ಕಾಯುತ್ತ ನಿಂತಿದ್ದ ನನ್ನ ಮುಂದೆ ನೋಟ್‌ಬುಕ್ ಇಟ್ಟರು.

ನಾನು ಪೆನ್ನು ತೆಗೆದೆ. ಅವರು ಪುಟದ ಮೇಲೆ ಕೈ ಇಟ್ಟರು.

"ಹಂಗಲ್ಲ. ನಾ ಹೇಳ್ತೀನಿ. ಆಮ್ಯಾಲ ನೀವು ನನಗ ತಿರುಗಿ ಹೇಳ್ಬೇಕು. ನಿಮಗ ತಿಳಿದಿದ್ರ ಸಹಿ, ಇಲ್ಲಾಂದ್ರ ಇಲ್ಲ."

ನನ್ನ ವಯಸ್ಸು ಆಗ ನಲವತ್ತು ದಾಟಿತ್ತು. ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಒಮ್ಮೆ ಸರಿಯಾಗಿ ತಿರುಗಿ ಹೇಳಲಾಗದೆ ಒಂದು ಪುಟ ಎರಡು ಸಂಜೆ ಸಹಿಯಿಲ್ಲದೆ ಉಳಿಯಿತು. ಮೂರನೆಯ ಸಂಜೆ ಹೇಳಿದೆ. ಉಪನ್ಯಾಸಕರು ಕಾರಿಡಾರಿನಲ್ಲಿ, "ಏನ್ ಮಹಬೂಬ, ಪಿಎಚ್‌ಡಿ ಎಲ್ಲಿಗಿ ಬಂತು?" ಎನ್ನುತ್ತಿದ್ದರು. ನನಗೆ ಬೇಸರವಾಗುತ್ತಿರಲಿಲ್ಲ. ಒಳಗೊಳಗೆ ಹಿಗ್ಗುತ್ತಿದ್ದೆ — ಅದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಅವರ ಉಪಾಯ ನನಗೆ ಚೆನ್ನಾಗಿ ತಿಳಿಯಿತು, ಏಕೆಂದರೆ ಅದು ಹತ್ತಿ ಹೊಲದ್ದು. ನಾನು ಚಂದ್ರಬಂಡದವನು, ಚಿಕ್ಕಂದಿನಲ್ಲಿ ಅಮ್ಮನ ಜೊತೆ ಹತ್ತಿ ಬಿಡಿಸಲು ಹೋದವನು. ಗುಂಪಾಗಿ ಕೂಲಿಗೆ ಹೋದಾಗ ಒಬ್ಬೊಬ್ಬರಿಗೆ ಒಂದೊಂದು ಸಾಲು. ಸಾಲು ಮುಗಿಸಿದವಳು ಬದುವಿನ ಮೇಲೆ ಕೂರುವುದಿಲ್ಲ. ಎಲ್ಲರದೂ ಮುಗಿಯದೆ ಯಾರೂ ಮನೆಗೆ ಹೋಗುವಂತಿಲ್ಲವಲ್ಲ. ಆದ್ದರಿಂದ ಅವಳು ಹಿಂದೆ ಬಿದ್ದವಳ ಸಾಲಿಗೆ ಹೋಗುತ್ತಾಳೆ, ಆದರೆ ಅವಳ ಪಕ್ಕಕ್ಕಲ್ಲ. ಪಕ್ಕಕ್ಕೆ ಹೋದರೆ ಕೈಗೆ ಕೈ ತಾಗಿ ಇಬ್ಬರ ಕೆಲಸವೂ ಕೆಡುತ್ತದೆ. ಸಾಲಿನ ಆ ತುದಿಗೆ ಹೋಗಿ ಅಲ್ಲಿಂದ ಬಿಡಿಸುತ್ತ ಬರುತ್ತಾಳೆ. ಇವಳು ಈ ಕಡೆಯಿಂದ, ಅವಳು ಆ ಕಡೆಯಿಂದ. ಮೇಡಂ ಪ್ರೊಸೆಸರ್‌ಗಳಿಗೆ ಕಲಿಸಿದ್ದು ಇದನ್ನೇ. ಕೆಲಸ ಮುಗಿದದ್ದು ಯಾರನ್ನೂ ಕೇಳದೆ ಪಕ್ಕದ್ದರ ಪಟ್ಟಿಯ ಕೊನೆಯಿಂದ ಕೆಲಸ ಎತ್ತಿಕೊಳ್ಳಬೇಕು. ಅದನ್ನು ಪ್ರೋಗ್ರಾಮಿನಲ್ಲಿ ಬರೆದರೆ ನಿಧಾನವಾಗುತ್ತದೆ ಎಂದು ಸರ್ಕ್ಯೂಟಿನಲ್ಲಿಯೇ ಕೂರಿಸಿದ್ದರು.

ಒಂದು ಕಡೆ ಮಾತ್ರ ಸಿಕ್ಕಿಬಿದ್ದರು. ಎರಡು ಕಡೆಯಿಂದ ಬಂದವರು ಕೊನೆಯ ಒಂದು ಗಿಡದ ಹತ್ತಿರ ಒಟ್ಟಿಗೆ ಕೈ ಹಾಕಿದರೆ? ಒಂದೇ ಕೆಲಸವನ್ನು ಎರಡೂ ಪ್ರೊಸೆಸರ್ ಎತ್ತಿಕೊಂಡು ಲೆಕ್ಕ ತಪ್ಪುತ್ತಿತ್ತು. ತಡೆಯಲು ಹೋದರೆ ಎರಡೂ ಒಂದಕ್ಕೊಂದು ಕಾಯುತ್ತ ನಿಂತುಬಿಡುತ್ತಿದ್ದವು. ತಿಂಗಳಾದರೂ ಬಿಡಿಸಲಾಗಲಿಲ್ಲ. ಆಮೇಲೆ ಒಂದು ಸೋಮವಾರ ಮೇಡಂ ಊರಿನಿಂದ ನೇರ ಲ್ಯಾಬಿಗೆ ಬಂದರು. ಕೈಯಲ್ಲಿ ಚೀಲ ಹಾಗೆಯೇ ಇತ್ತು.

"ಅವ್ವನ್ನ ಕೇಳಿದ್ನಿ, ಕಡೀ ಗಿಡಕ್ಕ ಇಬ್ರೂ ಬಂದ್ರ ಯಾರು ಬಿಡಸ್ತೀರಿ ಅಂತ. ಇದೇನು ಹುಚ್ಚುಚ್ಚು ಕೇಳ್ತಿ ಅಂದ್ಳು. ಸಾಲು ಯಾರದೋ ಗಿಡ ಅವರದು, ಬಂದಾಕಿ ಕೈ ಹಿಂದ ತಗೀತಾಳ, ಅಷ್ಟ, ಅಂದ್ಳು."

ಆ ವಾರವೇ ಅದನ್ನು ಬೋರ್ಡಿಗೆ ತುಂಬಿದರು. ನಾನು ಹತ್ತಿರ ನಿಂತು ನೋಡಿದೆ. ಎಂಟೂ ದೀಪ ಉರಿದವು. ಉರಿಯುತ್ತಲೇ ಇದ್ದವು. ಆಮೇಲೆ ಎಂಟೂ ಒಟ್ಟಿಗೆ ಆರಿದವು. ಮೇಡಂ ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಆ ಪುಟ ಬರೆದರು. ಇಂಗ್ಲಿಷ್ ಸಾಲುಗಳ ನಡುವೆ ಕನ್ನಡದಲ್ಲಿ 'ಅವ್ವ ಹೇಳಿದ್ದು' ಎಂದು ಬರೆದು ಕೆಳಗೆ ಗೆರೆ ಎಳೆದರು. ನಾನು ತಿರುಗಿ ಹೇಳಿದೆ, ಸಹಿ ಹಾಕಿದೆ.

ನಮ್ಮ ವಿಭಾಗದ ಮುಖ್ಯಸ್ಥರು ನೋಡುತ್ತೇನೆಂದು ಮೇಡಂ ಬರೆದ ಸರ್ಕ್ಯೂಟಿನ ನಕ್ಷೆಗಳನ್ನೆಲ್ಲ ಒಮ್ಮೆ ತರಿಸಿಕೊಂಡರು. ಕೆಲವು ತಿಂಗಳಾದ ಮೇಲೆ ಅದೇ ಕೆಲಸ ಅವರ ಹೆಸರಿನಲ್ಲಿ ಪೇಟೆಂಟಿಗೆ ಅರ್ಜಿಯಾಗಿ ಹೋಗಿದೆ ಎಂದು ಗೊತ್ತಾಯಿತು. ಮೇಡಂ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಮೇಡಂ ಆಡಳಿತ ಮಂಡಳಿಗೆ ದೂರು ಕೊಟ್ಟರು. ಮೂವರ ಸಮಿತಿ ಮಾಡಿದರು. ಮೇಡಂ ಬಳಿ ಇದ್ದ ಆಧಾರ ಆ ನೋಟ್‌ಬುಕ್ ಒಂದೇ. ನೋಟ್‌ಬುಕ್ಕಿಗೆ ಇದ್ದ ಆಧಾರ ನಾನು.

ವಿಚಾರಣೆಯ ಹಿಂದಿನ ದಿನ ಮುಖ್ಯಸ್ಥರು ನನ್ನನ್ನು ಕರೆಸಿ, "ಕುಂದ್ರು," ಎಂದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ.

"ನಿನ್ನ ಖಾಯಂ ಮಾಡೋ ಫೈಲ್ ಈ ವಾರ ಮ್ಯಾಲ ಹೋಗ್ತದ. ನಾಳಿ ಅವರು ಕೇಳಿದ್ರ ಗಾಬರಿ ಆಗಬ್ಯಾಡ. ಲ್ಯಾಬ್ ರೆಕಾರ್ಡಿಗಿ ನಮ್ಮಲ್ಲಿ ಹೆಂಗ ಸಹಿ ಆಗ್ತಾವ, ನಿನಗ ಗೊತ್ತಿದ್ದದ್ದ ಅದ."

ಅಷ್ಟೇ. ನನ್ನನ್ನು ಹೆದರಿಸಿದರು ಎಂದು ಬರೆದರೆ ಅದು ಮೂರನೆಯ ಸುಳ್ಳಾಗುತ್ತದೆ. ರೆಕಾರ್ಡಿಗೆ ಸಹಿ ಹೇಗೆ ಆಗುತ್ತವೆ ಎನ್ನುವುದು ಎಲ್ಲ ಕಾಲೇಜಿನವರಿಗೂ ಗೊತ್ತು. ವರ್ಷವೆಲ್ಲ ಹುಡುಗರ ರೆಕಾರ್ಡ್ ಪುಸ್ತಕಗಳು ಸಹಿಯಿಲ್ಲದೆ ಬಿದ್ದಿರುತ್ತವೆ. ಹೊರಗಿನ ಪರೀಕ್ಷಕರು ಬರುವ ಹಿಂದಿನ ದಿನ ಅವನ್ನೆಲ್ಲ ರಾಶಿ ಹಾಕಿ, ಒಂದೇ ಸಲ ಕೂತು ಹಳೆಯ ತಾರೀಕುಗಳಿಗೆಲ್ಲ ಸಹಿ ಎಳೆಯುತ್ತಾರೆ. ಆ ರಾಶಿಗಳನ್ನು ಹೊತ್ತು ಒಯ್ದವನು ನಾನೇ. ಸಮಿತಿಯ ಮೂವರೂ ಅಂಥ ಸಹಿಗಳನ್ನು ಹಾಕುತ್ತಲೇ ಮೇಲೆ ಬಂದವರು. ಒಂದು ನೋಟ್‌ಬುಕ್ಕಿಗೆ ದಿನ ದಿನವೂ ಸಹಿ ಆಗಿದೆ ಎಂದರೆ ಅವರು ನಂಬುವುದು ಕಷ್ಟವಿತ್ತು. ಒಂದೇ ದಿನ ಆಗಿದೆ ಎಂದರೆ ತಕ್ಷಣ ನಂಬುತ್ತಿದ್ದರು.

ಮರುದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ಮೇಡಂ ನನ್ನ ಎದುರು ಕುರ್ಚಿಯಲ್ಲಿದ್ದರು. ಅವರಿಗೆ ಏನೂ ಆತಂಕ ಇರಲಿಲ್ಲ. ಅವರೇ ಸಮಿತಿಯವರಿಗೆ, "ಮಹಬೂಬಣ್ಣಗ ಇದು ತಿಳಿದದ ಸರ್. ಯಾವ ಪುಟ ಬೇಕಾದ್ರೂ ತೆಗೆದು ಕೇಳ್ರಿ," ಎಂದರು. ನಾನು ತಿರುಗಿ ಹೇಳುವಾಗ ತಡವರಿಸಿದರೆ ಹೇಗೆ ನೋಡುತ್ತಿದ್ದರೋ — ಬರ್ತದ, ಹೇಳ್ರಿ ಎನ್ನುವಂತೆ — ಹಾಗೆಯೇ ನನ್ನನ್ನು ನೋಡಿದರು.

ಸಮಿತಿಯ ಹಿರಿಯರು ಕನ್ನಡಕ ತೆಗೆದು ಕೇಳಿದರು, "ಏನಪಾ, ನಿನಗ ಪ್ರೊಸೆಸರ್ ತಿಳೀತದೇನು?"

"ನನಗೇನ್ ತಿಳೀತದ್ರಿ ಸರ. ಮೇಡಂ ಹಾಕು ಅಂದ್ರು. ಒಂದ ದಿನ ಕುಂತು ಎಲ್ಲಾದಕ್ಕೂ ಹಾಕೀನಿ."

ಒಬ್ಬರು ನಕ್ಕರು. ಅದನ್ನು ಬರೆದುಕೊಂಡು ನನ್ನಿಂದ ಸಹಿ ಮಾಡಿಸಿದರು. ನೋಟ್‌ಬುಕ್ಕಿನ ಪುಟ ಪುಟಕ್ಕೂ ಸಹಿಯ ಶಾಯಿ ಬೇರೆ ಬೇರೆ ಇತ್ತು. ಅದನ್ನು ಯಾರೂ ನೋಡಲಿಲ್ಲ. ನಾನು ಮೇಡಂ ಕಡೆ ನೋಡಲಿಲ್ಲ. ನೋಟ್‌ಬುಕ್ ಆಮೇಲೆ ಕೂತು ಸೃಷ್ಟಿಸಿದ್ದು ಎಂದು ವರದಿ ಬಂತು. ಮೇಡಂಗೆ ಎಚ್ಚರಿಕೆಯ ಪತ್ರ ಕೊಟ್ಟರು. ಅವರು ರಾಜೀನಾಮೆ ಬರೆದು ಹೋದರು. ಅವರ ಸಂಶೋಧನೆಯೂ ಅಲ್ಲಿಗೇ ನಿಂತಿತು.

ಇದು ಮೊದಲನೆಯದು.

ಅದಾದ ಮುಂದಿನ ಶನಿವಾರ, ಅರ್ಧ ದಿನದ ಕಾಲೇಜು ಬಿಟ್ಟ ಮೇಲೆ, ಗೇಟಿನ ಹೊರಗೆ ಬಿಸಿಲಿನಲ್ಲಿ ಒಬ್ಬರು ನಿಂತಿದ್ದರು. ಗಟ್ಟಿಮುಟ್ಟಾದ ಹೆಂಗಸು. ಬೆರಳ ತುದಿಗಳೆಲ್ಲ ಗೀರು — ಒಡೆದ ಹತ್ತಿ ಕಾಯಿಯ ಒಣ ತೊಳೆಯ ಚೂಪು ಮಾಡುವ ಗೀರು, ನನ್ನ ಅಮ್ಮನ ಕೈಗೂ ಇದ್ದವು.

"ಮಹಬೂಬಣ್ಣ ಅಂದ್ರ ನೀವೇನ್ರಿ?"

"ಹೌದವ್ವಾ."

"ನಾನು ಹುಲಿಗೆಮ್ಮನ ಅವ್ವ. ಅರಕೇರಾದಿಂದ ಬಂದೀನಿ. ನಮ್ಮ ಹುಡುಗಿ ಹೇಳ್ತಿದ್ಳು, ಅಲ್ಲೊಬ್ಬ ಅಣ್ಣ ಅದಾನ, ನಾ ಬರೆದದ್ದು ಅವಂಗೊಬ್ಬಂಗ ಪೂರಾ ತಿಳೀತದ ಅಂತ."

ನಾನು ಗೇಟಿನ ಒಳಗೆ ತಿರುಗಿ ನೋಡಿದೆ.

"ನಾ ಊರಾಗ ಎಲ್ಲಾರಿಗೂ ಹೇಳೀನ್ರಿ, ನಮ್ಮ ಹತ್ತಿ ಸಾಲು ಕಂಪ್ಯೂಟರ್ದಾಗ ಹೋಗ್ಯಾದ ಅಂತ. ಸಾಲು ಹಿಡಿದ ಕೂಡ್ಲೆ ಹೆಣ್ಮಕ್ಳು ನಗ್ತಾರ, ಏ ಕಂಪ್ಯೂಟರ್, ಈ ಕಡಿ ಬಾ ಅಂತಾರ. ನಗಲಿ. ಈಗ ಇಲ್ಲಿ ದೊಡ್ಡಾವ್ರು ಆಕಿ ಸುಳ್ಳು ಬರೆದಾಳಂತ ಹೇಳ್ಯಾರಂತ. ಆಕಿನ್ನ ಕೇಳಾಕ ನನಗ ಬಾಯಿ ಬರವಲ್ದು. ನೀವು ಖರೇ ಹೇಳ್ರಿ. ಆಕಿ ಆಯಾ ದಿನಾನ ಬರೆದಿದ್ಳೋ, ಆಮ್ಯಾಲ ಕುಂತು ಬರೆದ್ಳೋ? ನಾ ಯಾರ ಮುಂದೂ ಹೇಳಂಗಿಲ್ಲ."

ಸುತ್ತ ಯಾರೂ ಇರಲಿಲ್ಲ. ಕಾವಲುಗಾರ ಊಟಕ್ಕೆ ಹೋಗಿದ್ದ. ನನ್ನ ಫೈಲು ಆಗಲೇ ಮೇಲೆ ಹೋಗಿತ್ತು. ಆ ತಾಯಿಗೆ ಒಂದು ನಿಜ ಹೇಳಿದ್ದರೆ ನನ್ನದೊಂದು ಕೂದಲೂ ಕೊಂಕುತ್ತಿರಲಿಲ್ಲ. ಆದರೂ — ಯಾಕೆ ಎಂದು ಇಪ್ಪತ್ತು ವರ್ಷ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಒಮ್ಮೆ ಹೇಳಿದ್ದನ್ನು ಬದಲಿಸಲು ನಾಲಿಗೆ ಏಳಲಿಲ್ಲವೋ, ಆ ಕೈಗಳ ಮುಂದೆ ಸುಳ್ಳುಗಾರ ಎನಿಸಿಕೊಳ್ಳಲು ನಾಚಿಕೆಯಾಯಿತೋ —

"ಆಮ್ಯಾಲ ಬರೆದದ್ದವ್ವಾ," ಎಂದೆ.

ಅವರು "ಹಂಗಾ," ಎಂದರು. "ನಾ ಬಂದಿದ್ದೆ ಅಂತ ಆಕಿಗಿ ಹೇಳಬ್ಯಾಡ್ರಿ." ಸೆರಗು ತಲೆಗೆ ಎಳೆದುಕೊಂಡು ಬಸ್ ನಿಲ್ಲುವ ಕಡೆ ನಡೆದರು. ನಾನು ನೀರು ಬೇಕೇ ಎಂದು ಸಹ ಕೇಳಲಿಲ್ಲ.

ತಿಂಗಳೊಳಗೆ ನಾನು ಖಾಯಂ ಆದೆ. ಮೇಡಂ ಕೂರುತ್ತಿದ್ದ ಮೂಲೆಗೆ ಹೊಸ ಕಂಪ್ಯೂಟರ್‌ಗಳು ಬಂದವು. ಧೂಳು ಒರೆಸುವಾಗ ಯಾವುದಾದರೂ ಯಂತ್ರದ ಸಣ್ಣ ಕೆಂಪು ದೀಪ ಮಿನುಗಿದರೆ ನನ್ನ ಕೈ ನಿಲ್ಲುತ್ತಿತ್ತು. ಮಸೀದಿಯಲ್ಲಿ ಶುಕ್ರವಾರದ ಪ್ರವಚನದ ನಡುವೆ ಗವಾಹಿ, ಅಂದರೆ ಸಾಕ್ಷಿ ಎನ್ನುವ ಮಾತು ಬಂದರೆ ಮುಂದಿನದು ಕಿವಿಗೆ ಬೀಳುತ್ತಿರಲಿಲ್ಲ. ಮೊನ್ನೆ ಮೊನ್ನೆ ರಾಯಚೂರಿನ ತೀನ್ ಕಂದೀಲ್ ವೃತ್ತದ ಹತ್ತಿರ ಮೊಬೈಲ್ ಕೊಳ್ಳಲು ಹೋಗಿದ್ದೆ. ಅಂಗಡಿಯವನು, "ಇದು ತಗೊಳ್ರಿ ಚಾಚಾ, ಆಕ್ಟಾ ಕೋರ್ ಅದ. ಅಂದ್ರ ಒಳಗ ಎಂಟು ಮಂದಿ ದುಡೀತಾರ, ಒಬ್ಬನೂ ಖಾಲಿ ಕೂಡಂಗಿಲ್ಲ," ಎಂದ. ನಾನು ಕೊಳ್ಳದೆ ಇಳಿದು ಬಂದೆ. ಅದರೊಳಗೆ ಮೇಡಂ ಉಪಾಯ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಇರಲಿಕ್ಕಿಲ್ಲ. ಹೊರದೇಶದವರು ತಮ್ಮ ದಾರಿಯಲ್ಲಿ ತಾವೇ ಇಂಥದ್ದನ್ನು ಕಂಡುಕೊಂಡಿದ್ದಾರೆ ಎನ್ನುತ್ತಾರೆ. ಆದರೆ ರಾಯಚೂರಿನಲ್ಲಿ, ಆ ಮೂಲೆಯಲ್ಲಿ, ಅದನ್ನು ಕಂಡುಕೊಂಡವರು ಯಾರು ಎನ್ನುವುದನ್ನು ಕಣ್ಣಾರೆ ನೋಡಿದವನು ನಾನೊಬ್ಬನೇ.

ಈಗ ಕಾಲೇಜಿನವರು ಒಂದು ನೆನಪಿನ ಸಂಚಿಕೆ ತರುತ್ತಿದ್ದಾರೆ. ನಮ್ಮ ವಿಭಾಗದ ಆಗಿನ ಮುಖ್ಯಸ್ಥರ ಸಂಶೋಧನೆಯ ದಿನಗಳ ಬಗ್ಗೆ ಎರಡು ಪುಟ ಬರೆದು ಕೊಡಿ ಎಂದು ನನ್ನನ್ನೂ ಕೇಳಿದರು. ಪೆನ್ನು ಹಿಡಿದು ಕೂತೆ. ನಾಲ್ಕು ದಿನವಾದರೂ ಒಂದು ಸಾಲು ಹೋಗಲಿಲ್ಲ. ನನ್ನ ಹೆಂಡತಿ ಏನೆಂದು ಕೇಳಿದಳು. ಎಲ್ಲವನ್ನೂ ಹೇಳಿದೆ, ಗೇಟಿನ ಮಾತನ್ನೂ. ಅವಳು ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು. "ಲಿಖನಾ ಬಾದ್ ಮೇ. ಪೈಲೇ ಜಾಕೋ ಬೋಲೋ," ಎಂದಳು. ಬರೆಯುವುದು ಆಮೇಲೆ, ಮೊದಲು ಹೋಗಿ ಹೇಳಿ.

ಹುಲಿಗೆಮ್ಮ ಮೇಡಂ ಮಾನ್ವಿಯಲ್ಲಿದ್ದಾರೆ, ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾರೆ ಎಂದು ನನಗೆ ಗೊತ್ತಿತ್ತು. ಹಿಂದೊಮ್ಮೆ ಮಾನ್ವಿ ಬಸ್ ನಿಲ್ದಾಣದಲ್ಲಿ ಅವರನ್ನು ಕಂಡು ಪೇಪರ್ ಅಡ್ಡ ಹಿಡಿದು ಕೂತಿದ್ದೆ. ಕಳೆದ ವಾರ ಕಲ್ಲೂರು ದಾಟಿ ಮಾನ್ವಿಯ ಅವರ ಮನೆಗೆ ಹೋದೆ. ಬಾಗಿಲು ತೆರೆದವರ ತಲೆ ಅರ್ಧ ನೆರೆತಿತ್ತು. ತಕ್ಷಣ ಗುರುತು ಹಿಡಿದರು.

"ಬರ್ರಿ ಮಹಬೂಬಣ್ಣ. ಎಷ್ಟು ಸಣ್ಣಾಗೀರಿ."

ಕೂತೆ. ನೀರು ಕೊಟ್ಟರು. ಸಮಿತಿಯ ಮುಂದೆ ಹೇಳಿದ್ದಕ್ಕೆ ತಪ್ಪಾಯಿತು ಎಂದೆ. ಅವರು ಬಹಳ ಹೊತ್ತು ಕೇಳಿಸಿಕೊಳ್ಳಲೂ ಇಲ್ಲ.

"ಅದು ಬಿಡ್ರಿ. ನಿಮ್ಮ ಫೈಲ್ ಅವರ ಕೈಯಾಗಿತ್ತು, ನನಗ ಆವಾಗ ಗೊತ್ತಿತ್ತು. ಅವರು ಯಾರನ್ನರ ಹಿಡಿದು ಹೇಳಸ್ತಿದ್ರು. ಸಿಟ್ಟು ಇತ್ತು, ಈಗಿಲ್ಲ."

ಅಲ್ಲಿಗೆ ಎದ್ದು ಬರಬಹುದಿತ್ತು. ಬಾಗಿಲು ತೆರೆದಿತ್ತು. ಬರಲಿಲ್ಲ.

"ಮೇಡಂ, ನಿಮ್ಮ ತಾಯಿಯವರು ನನ್ನ ಹತ್ರ ಬಂದಿದ್ರು."

ಅವರ ಮುಖದಲ್ಲಿದ್ದದ್ದು ಹಾಗೆಯೇ ನಿಂತುಹೋಯಿತು. "ಅವ್ವ? ಯಾವಾಗ?"

ಹೇಳಿದೆ. ಅವರು ಮಧ್ಯೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ, ಅವ್ವ ಅಂದದ್ದನ್ನು ಅಂದಂತೆಯೇ ಇನ್ನೊಮ್ಮೆ ಹೇಳಿ ಎಂದರು. ಹೇಳಿದೆ. ನಾನು ಅಂದದ್ದನ್ನೂ ಹೇಳಿ ಎಂದರು. ಅದನ್ನೂ ಹೇಳಿದೆ.

"ಆ ಶನಿವಾರ ನಾ ಊರಿಗಿ ಹೋದೆ," ಎಂದರು. "ಆಕಿ ಅನ್ನ ಹಾಕಿದ್ಳು, ಮಾತಾಡ್ಲಿಲ್ಲ. ಅವತ್ತಿಂದ ಸಾಯೋತನಕ ಹತ್ತಿ ಸಾಲಿನ ಮಾತು ಒಂದಿನಾನೂ ಎತ್ತಲಿಲ್ಲ. ನೌಕರಿ ಬಿಟ್ಟಿದ್ದಕ್ಕ ಸಿಟ್ಟು ಅಂತ ನಾ ತಿಳಕೊಂಡಿದ್ದೆ. ಆಕಿ ಹೋಗಿ ಆರು ವರ್ಷ ಆತು, ಮಹಬೂಬಣ್ಣ. ಒಂದ ಸಲ ಕೇಳಿದ್ರ ಹೇಳ್ತಿದ್ದೆ. ಕೇಳಿದ್ರ ನನಗ ನೋವಾಗ್ತದಂತ ಕೇಳ್ಲಿಲ್ಲ ಆಕಿ."

ನಾನು ಕೈ ಮುಗಿದೆ. ಅದಕ್ಕೂ ಕ್ಷಮಿಸಿ ಎನ್ನಲು ಹೋದೆ.

"ನನ್ನ ಮಟ್ಟಿಗಿ ಆತು ಅಂದೆನಲ್ಲ. ಆಕಿ ಕಡಿಂದ ಕ್ಷಮಾ ಮಾಡಾಕ ನಾ ಯಾರ್ರೀ?"

ಎದ್ದು ನಿಂತಾಗ, ತಾಯಿಯವರ ಹೆಸರೇನು ಎಂದು ಕೇಳಿದೆ. ಮೇಡಂ ನನ್ನನ್ನು ನೋಡಿದರು. "ಇಷ್ಟು ವರ್ಷ ಗೊತ್ತಿರಲಿಲ್ಲೇನು ನಿಮಗ?" ಎಂದರು. ಆಮೇಲೆ ಹೇಳಿದರು.

ಸಂಚಿಕೆಯವರು ಇದನ್ನು ಅಚ್ಚು ಹಾಕಲಿಕ್ಕಿಲ್ಲ. ಹಾಕದಿದ್ದರೆ ಇನ್ನೊಬ್ಬರಿಗೆ ಕಳಿಸುತ್ತೇನೆ. ಒಂದು ಪ್ರತಿಗೆ ಸಹಿ ಮಾಡಿ ಮೇಡಂ ಕೈಗೆ ಕೊಡುತ್ತೇನೆ, ಏನು ಬೇಕಾದರೂ ಮಾಡಿಕೊಳ್ಳಲಿ. ಈ ವಾರ ದೇವದುರ್ಗಕ್ಕೆ ಹೋಗಿ ಅಲ್ಲಿಂದ ಅರಕೇರಾಕ್ಕೆ ಹೋಗುತ್ತೇನೆ. ಆ ತಾಯಿಯ ಜೊತೆ ಸಾಲು ಹಿಡಿಯುತ್ತಿದ್ದವರಲ್ಲಿ ಮೂವರು ಇನ್ನೂ ಇದ್ದಾರಂತೆ. ಆ ತಾಯಿಯ ಮಗಳು ಆಯಾ ದಿನದ್ದನ್ನು ಆಯಾ ದಿನವೇ ಬರೆದಳು, ಕೊನೆಯ ಗಿಡದ ನ್ಯಾಯ ಆ ತಾಯಿಯೇ ಹೇಳಿಕೊಟ್ಟದ್ದು, ಅದು ಬೋರ್ಡಿನೊಳಗೆ ಹೋಗಿ ನಡೆದದ್ದನ್ನು ನಾನು ನೋಡಿದೆ — ಇಷ್ಟನ್ನು ಆ ಮೂವರ ಮುಂದೆ ನಿಂತು ಹೇಳುತ್ತೇನೆ. ಇದನ್ನು ಕೇಳಬೇಕಾಗಿದ್ದವರು ಅಲ್ಲಿ ಇರುವುದಿಲ್ಲ. ಅವರ ಹೆಸರು ದುರುಗಮ್ಮ.